ಮಕ್ಕಳು ಕಟ್ಟಿದ ಕಥೆ ಕಪಾಟಿಗೆ ಬರಬೇಕು: ಡಿಜಿಟಲ್ ಕಥೆಯ ಟೂಲ್‌ಗಳನ್ನು ಬಳಸಿ ನೋಡಿದ ಲೈಬ್ರರಿಯನ್ ಬರೆದದ್ದು

ಮಕ್ಕಳಿಂದ ಕಥೆ ಕಟ್ಟಿಸುವ ಆ್ಯಪ್‌ಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದರಲ್ಲಿ ಚಿತ್ರ ಎಷ್ಟಿವೆ, ಸಂಗೀತ ಎಷ್ಟಿದೆ, ಕಲಿಯುವುದು ಎಷ್ಟು ಸುಲಭ ಎಂದು ನೋಡುತ್ತಾರೆ. ನಾನು ಶಾಲೆಯ ಲೈಬ್ರರಿಯನ್. ನಾನು ಮೊದಲು ಕೇಳುವುದೇ ಬೇರೆ. ಮಗು ಕಥೆ ಮುಗಿಸಿದ ಮೇಲೆ ಅದನ್ನು ಆ ಟೂಲ್‌ನಿಂದ ಹೊರಗೆ ತೆಗೆದು ನಮ್ಮ ಲೈಬ್ರರಿಯಲ್ಲಿ ಇಟ್ಟುಕೊಳ್ಳಲು ಆಗುತ್ತದೆಯೇ? ಮುಂದಿನ ವರ್ಷ ಬರುವ ಇನ್ನೊಂದು ಮಗು ಅದನ್ನು ಕ್ಯಾಟಲಾಗಿನಲ್ಲಿ ಹುಡುಕಿ ಓದಲು ಆಗುತ್ತದೆಯೇ? ಆಗುವುದಿಲ್ಲ ಎಂದಾದರೆ ಆ ಟೂಲ್ ಎಷ್ಟೇ ಚೆಂದ ಇರಲಿ, ನಾನು ಅದರ ಮುಂದೆ ಮಕ್ಕಳನ್ನು ಕೂರಿಸುವುದಿಲ್ಲ.

ಈ ಹಟಕ್ಕೆ ಕಾರಣ ಇದೆ. ಒಂದು ಸಚಿತ್ರ ಪುಸ್ತಕದ ಸೇವೆಯಲ್ಲಿ ನಮ್ಮ ಮಕ್ಕಳು ತುಂಬಾ ಪ್ರೀತಿಯಿಂದ ಪುಸ್ತಕ ಮಾಡಿದ್ದರು. ಉಚಿತ ಅವಧಿ ಮುಗಿಯಿತು. ಪುಸ್ತಕಗಳ ಮುಖಪುಟ ಕಾಣುತ್ತಿತ್ತು, ಒಳಗೆ ಹೋಗಲು ಆಗುತ್ತಿರಲಿಲ್ಲ, ಡೌನ್‌ಲೋಡ್ ಅಂತೂ ಮೊದಲಿನಿಂದಲೂ ಇರಲಿಲ್ಲ. "ಮಿಸ್, ಅದು ನಾನೇ ಬರೆದಿದ್ದಲ್ವಾ?" ಎಂದು ಒಬ್ಬಳು ಕೇಳಿದಳು. ಹೌದು, ಅವಳದೇ. ದುಡ್ಡು ಕೇಳದ ಕಡೆಯೂ ಇದೇ ಪಾಡು ಬರಬಹುದು. ಬ್ರೌಸರಿನಲ್ಲಿ ಚಲಿಸುವ ಚಿತ್ರ, ಆಟ ತೋರಿಸುತ್ತಿದ್ದ ಅಡೋಬಿ ಫ್ಲ್ಯಾಶ್ ಎಂಬ ತಂತ್ರಾಂಶಕ್ಕೆ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಾಗ, ಅದನ್ನೇ ನಂಬಿದ್ದ ಅದೆಷ್ಟೋ ಕಥೆಗಳು, ಆಟಗಳು ಬ್ರೌಸರಿನಲ್ಲಿ ತೆರೆಯದಂತಾದವು. ಮಕ್ಕಳು ಪುಟ್ಟ ವಿಡಿಯೊ ಮಾಡಿ ಹಂಚಿಕೊಳ್ಳುತ್ತಿದ್ದ ಫ್ಲಿಪ್, ಪ್ರತ್ಯೇಕ ಸೇವೆಯಾಗಿ 2024ರಲ್ಲಿ ನಿಂತುಹೋಯಿತು. ಕಂಪನಿಗಳು ಹುಟ್ಟುತ್ತವೆ, ಮುಚ್ಚುತ್ತವೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತವೆ. ಹನ್ನೊಂದು ವರ್ಷದ ಮಗು ಬರೆದ ಕಥೆ ಅವುಗಳ ಜೊತೆ ಹೋಗಬೇಕಾಗಿಲ್ಲ.

ಇನ್ನೆರಡು ಷರತ್ತುಗಳನ್ನೂ ಹೇಳಿಬಿಡುತ್ತೇನೆ. ಮೊದಲನೆಯದು, ಮಕ್ಕಳ ಈಮೇಲ್ ಕೇಳಬಾರದು. ಹದಿಮೂರು ವರ್ಷದೊಳಗಿನ ಮಕ್ಕಳ ಮಾಹಿತಿ ಸಂಗ್ರಹಿಸಲು ಪೋಷಕರ ಒಪ್ಪಿಗೆ ಬೇಕು ಎಂಬ ಅಮೆರಿಕದ 1998ರ ಕಾನೂನಿನಿಂದಾಗಿ ಬಹಳಷ್ಟು ಸೇವೆಗಳು ಖಾತೆ ತೆರೆಯಲು ಹದಿಮೂರು ತುಂಬಿರಬೇಕು ಎನ್ನುತ್ತವೆ. ಆಗ ಮಕ್ಕಳು ಮಾಡುವುದು ಒಂದೇ, ಸುಳ್ಳು ಹುಟ್ಟಿದ ವರ್ಷ ಹಾಕುವುದು. ಕಥೆ ಬರೆಯುವ ಕೆಲಸ ಸುಳ್ಳಿನಿಂದ ಶುರುವಾಗುವುದು ನನಗೆ ಬೇಡ. ಎರಡನೆಯದು, ಕನ್ನಡ ಅಕ್ಷರ ಒಡೆಯಬಾರದು. ಯಾವ ಟೂಲ್ ತೆರೆದರೂ ನಾನು ಮೊದಲು ಟೈಪ್ ಮಾಡುವುದು ಒಂದೇ ಸಾಲು: ಸ್ತ್ರೀ, ಸೂರ್ಯ, ಲಕ್ಷ್ಮಿ, ಸ್ವಾತಂತ್ರ್ಯ. ಒತ್ತಕ್ಷರದ ಮೇಲೆ ಒತ್ತಕ್ಷರ, ಅರ್ಕಾವತ್ತು ಎಲ್ಲವೂ ಇದರಲ್ಲಿದೆ. ತೆರೆಯ ಮೇಲೆ ಸರಿ ಕಂಡರೆ ಸಾಲದು, ಪಿಡಿಎಫ್ ಅಥವಾ ವಿಡಿಯೊ ಆಗಿ ಹೊರಬಂದ ಮೇಲೂ ನೋಡಬೇಕು. ಟೈಪ್ ಮಾಡುವಾಗ ಅಚ್ಚುಕಟ್ಟಾಗಿ ಕಂಡ ಅಕ್ಷರಗಳು ವಿಡಿಯೊ ಆಗುವಾಗ ಒತ್ತುಗಳೆಲ್ಲ ಬಿಚ್ಚಿಕೊಂಡು ಸಾಲಾಗಿ ನಿಂತದ್ದನ್ನು ನೋಡಿದ್ದೇನೆ. ಓದಲು ಕಲಿಯುತ್ತಿರುವ ಮಗುವಿನ ಮುಂದೆ ಅಂಥ ಪುಟ ಇಡುವುದು ಅನ್ಯಾಯ.

ಈ ಮೂರು ಜರಡಿಯಲ್ಲಿ ಉಳಿದವುಗಳಲ್ಲಿ ನನಗೆ ತೀರಾ ಇಷ್ಟವಾದದ್ದು ಟ್ವೈನ್. ಕ್ರಿಸ್ ಕ್ಲಿಮಾಸ್ ಎಂಬುವರು 2009ರಲ್ಲಿ ಹೊರತಂದ ಉಚಿತ, ಮುಕ್ತ ತಂತ್ರಾಂಶ ಅದು. ಓದುಗನೇ ದಾರಿ ಆರಿಸಿಕೊಂಡು ಹೋಗುವ ಕಥೆಗಳನ್ನು ಕಟ್ಟಲು ಇರುವಂಥದ್ದು. ತೆರೆದರೆ ಗೆರೆ ಎಳೆದ ಖಾಲಿ ಹಾಳೆ, ಅದರ ಮೇಲೆ ಒಂದೇ ಒಂದು ಚೌಕ. ಚೌಕದೊಳಗೆ ಕಥೆಯ ಒಂದು ತುಣುಕು ಬರೆದು, ಕೊನೆಗೆ ಒಂದು ಮಾತನ್ನು ಎರಡೆರಡು ಚೌಕ ಕಂಸಗಳೊಳಗೆ ಹಾಕಿದರೆ ಆ ಮಾತೇ ಕೊಂಡಿಯಾಗುತ್ತದೆ. ಆ ಹೆಸರಿನ ಹೊಸ ಚೌಕ ತಾನಾಗಿ ಹುಟ್ಟುತ್ತದೆ, ಎರಡರ ನಡುವೆ ಬಾಣದ ಗೆರೆ ಬೀಳುತ್ತದೆ. ಕಲಿಸಬೇಕಾದದ್ದು ಇಷ್ಟೇ. ಚಿತ್ರ ಆರಿಸುತ್ತಾ ಕೂರುವುದಕ್ಕೆ ಅಲ್ಲಿ ಜಾಗವೇ ಇಲ್ಲ, ಬರೆದರೆ ಮಾತ್ರ ಕಥೆ ಮುಂದೆ ಹೋಗುತ್ತದೆ.

ಆರನೇ ತರಗತಿಯ ಹುಡುಗಿಯೊಬ್ಬಳು ಶಾಲೆಯೊಳಗೆ ರಾತ್ರಿ ಸಿಕ್ಕಿಹಾಕಿಕೊಂಡ ಹುಡುಗನ ಕಥೆ ಬರೆದಳು. ಹುಡುಗ ಲ್ಯಾಬಿನ ಬಾಗಿಲ ಮುಂದೆ ನಿಂತಿದ್ದಾನೆ, ಒಳಗೆ ನೀರು ತೊಟ್ಟಿಕ್ಕುವ ಸದ್ದು. ಓದುವವನ ಮುಂದೆ ಎರಡು ದಾರಿ: "ಬಾಗಿಲು ತೆಗೆ", "ಮೆಟ್ಟಿಲಿಗೆ ಓಡು". ಪಕ್ಕದ ಹುಡುಗ ಓದಿ ನೋಡಿ, "ಯಾವುದನ್ನ ಒತ್ತಿದ್ರೂ ವಾಚ್‌ಮನ್ನೇ ಬರ್ತಾನಲ್ಲೇ" ಎಂದ. ಅವಳಿಗೆ ಸಿಟ್ಟು ಬಂತು, ಆಮೇಲೆ ಯೋಚನೆಗೆ ಬಿದ್ದಳು. ಮುಂದಿನ ಸಲ ಕೂತಾಗ ಬಾಗಿಲು ತೆಗೆದವನಿಗೆ ಟಾರ್ಚ್ ಸಿಗುವಂತೆ, ಓಡಿದವನಿಗೆ ಕತ್ತಲೆಯೇ ಗತಿಯಾಗುವಂತೆ ಮಾಡಿದ್ದಳು. ಆಯ್ಕೆ ಎಂದರೆ ಏನನ್ನೋ ಪಡೆದು ಇನ್ನೇನನ್ನೋ ಕಳೆದುಕೊಳ್ಳುವುದು ಎಂದು ನಾನು ಬೋರ್ಡಿನ ಮೇಲೆ ಬರೆದಿದ್ದರೆ ಅವಳಿಗೆ ಅದು ಹೀಗೆ ತಟ್ಟುತ್ತಿರಲಿಲ್ಲ. ಟಾರ್ಚ್ ಕೈಗೆ ಸಿಕ್ಕಿದ್ದನ್ನು ಕಥೆ ನೆನಪಿಟ್ಟುಕೊಳ್ಳಬೇಕಲ್ಲ, ಅದಕ್ಕೆ ಟ್ವೈನ್‌ನ ಹಾರ್ಲೋ ಎಂಬ ಮಾದರಿಯಲ್ಲಿ ಸೆಟ್, ಇಫ್ ಎಂಬ ಎರಡು ಆಜ್ಞೆಗಳಿವೆ. ಕಂಪ್ಯೂಟರ್ ಪಾಠದಲ್ಲಿ ಆಕಳಿಸುವ ಹುಡುಗಿ ಅವೆರಡನ್ನೂ ತಾನೇ ಕೇಳಿ ಕಲಿತಳು.

ಎರಡು ಸಂಗತಿ ಮೊದಲೇ ಮಕ್ಕಳಿಗೆ ಹೇಳಬೇಕು. ಪ್ರತಿ ತಿರುವಿನಲ್ಲೂ ಎರಡು ದಾರಿ ಇಟ್ಟು ಐದು ತಿರುವು ಹೋದರೆ 32 ಮುಕ್ತಾಯಗಳಾಗುತ್ತವೆ, ಒಟ್ಟು 63 ಚೌಕ ಬರೆಯಬೇಕಾಗುತ್ತದೆ. ಅರ್ಧಕ್ಕೆ ನಿಂತ ಕಥೆಗಳೆಲ್ಲ ನಿಲ್ಲುವುದು ಇಲ್ಲೇ. ದಾರಿಗಳು ಕವಲೊಡೆದು ಮತ್ತೆ ಒಂದು ಕಡೆ ಕೂಡಬೇಕು, ಆಮೇಲೆ ಮತ್ತೆ ಕವಲೊಡೆಯಬೇಕು. ಕಾಗದದ ಮೇಲೆ ಈ ನಕ್ಷೆ ಬರೆಯದೆ ನಾನು ಯಾರಿಗೂ ಕಂಪ್ಯೂಟರ್ ಕೊಡುವುದಿಲ್ಲ. ಇನ್ನೊಂದು, ಚೌಕದ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದು ಕಡೆ "ಮೆಟ್ಟಿಲ ಕೆಳಗೆ" ಎಂದೂ ಇನ್ನೊಂದು ಕಡೆ "ಮೆಟ್ಟಿಲಿನ ಕೆಳಗೆ" ಎಂದೂ ಬರೆದರೆ ಟ್ವೈನ್‌ಗೆ ಅವು ಬೇರೆ ಬೇರೆ ಜಾಗ, ಖಾಲಿ ಚೌಕವೊಂದು ಅನಾಥವಾಗಿ ಪಕ್ಕದಲ್ಲಿ ಬಂದು ಕೂರುತ್ತದೆ. ಕಾಗುಣಿತ ತಿದ್ದಿ ಎಂದು ಹೇಳಿ ಹೇಳಿ ಸೋತ ಭಾಷಾ ಶಿಕ್ಷಕರು ಇದನ್ನೊಮ್ಮೆ ನೋಡಬೇಕು. ತಮ್ಮ ಕಥೆಯ ದಾರಿ ತುಂಡಾದದ್ದು ಕಣ್ಣಿಗೆ ಕಂಡಾಗ ಮಕ್ಕಳು ಪದವನ್ನು ಎಷ್ಟು ಶ್ರದ್ಧೆಯಿಂದ ತಿದ್ದುತ್ತಾರೆ!

ಮುಗಿದ ಕಥೆ ಒಂದೇ ಒಂದು ಎಚ್‌ಟಿಎಂಎಲ್ ಫೈಲ್ ಆಗಿ ಹೊರಬರುತ್ತದೆ. ಯಾವ ಬ್ರೌಸರ್ ಆದರೂ ಸರಿ, ಇಂಟರ್ನೆಟ್ ಇಲ್ಲದಿದ್ದರೂ ಸರಿ, ತೆರೆಯುತ್ತದೆ. ಬ್ರೌಸರಿನಲ್ಲಿ ಕನ್ನಡ ಸರಿಯಾಗಿ ಕಂಡರೆ ಕಥೆಯಲ್ಲೂ ಸರಿಯಾಗಿಯೇ ಕಾಣುತ್ತದೆ. ಖಾತೆ ಬೇಡ, ಈಮೇಲ್ ಬೇಡ. ಒಂದೇ ಎಚ್ಚರಿಕೆ: ಜಾಲತಾಣದಲ್ಲೇ ನೇರವಾಗಿ ಬಳಸಿದರೆ ಬರೆದದ್ದೆಲ್ಲ ಆ ಕಂಪ್ಯೂಟರಿನ ಆ ಬ್ರೌಸರಿನೊಳಗೆ ಮಾತ್ರ ಇರುತ್ತದೆ. ಯಾರಾದರೂ ಬ್ರೌಸರಿನ ಡೇಟಾ ಅಳಿಸಿದರೆ ಕಥೆಯೂ ಹೋಗುತ್ತದೆ. ಹಲವರು ಹಂಚಿಕೊಂಡು ಬಳಸುವ ಲೈಬ್ರರಿ ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡಿಕೊಳ್ಳುವ ಆವೃತ್ತಿಯೇ ವಾಸಿ. ಅದರಲ್ಲೂ ಪೀರಿಯಡ್ ಮುಗಿಯುವ ಮುಂಚೆ ಆರ್ಕೈವ್ ಫೈಲ್, ಅಂದರೆ ಎಲ್ಲ ಕಥೆಗಳೂ ಒಟ್ಟಿಗಿರುವ ಪ್ರತಿ, ತೆಗೆದುಕೊಳ್ಳುವುದು ನಮ್ಮಲ್ಲಿ ಕಡ್ಡಾಯ.

ದನಿಗೆ ಆಡಾಸಿಟಿ. ದನಿ ರೆಕಾರ್ಡ್ ಮಾಡಿ ಕತ್ತರಿಸಿ ಜೋಡಿಸುವ ತಂತ್ರಾಂಶ, 2000ದಿಂದ ಇರುವ, ಮುಕ್ತ ಆಕರದ ಹಳೆಯ ಹುಲಿ. ನೋಡಲು ಒರಟು, ಮಕ್ಕಳಿಗೆಂದು ಮಾಡಿದ್ದಲ್ಲ. ಆದರೂ ಹತ್ತು ವರ್ಷ ದಾಟಿದವರಿಗೆ ನಾನು ಇದನ್ನೇ ಕೊಡುತ್ತೇನೆ. ಮಾತು ಅಲೆಯಾಗಿ ಕಾಣುವುದರಿಂದ ಮಕ್ಕಳು ತಮ್ಮ ಓದನ್ನು ಕಣ್ಣಿನಿಂದಲೂ ತಿದ್ದುತ್ತಾರೆ. ಡಿಜಿಟಲ್ ಕಥೆ ಎಂಬುದನ್ನು ಒಂದು ಕಾರ್ಯಾಗಾರದ ರೂಪಕ್ಕೆ ತಂದದ್ದು 1990ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಡೇನಾ ಆಚ್ಲಿ, ಜೋ ಲ್ಯಾಂಬರ್ಟ್ ಮತ್ತು ಅವರ ಜೊತೆಗಾರರು. ಎರಡು ಮೂರು ನಿಮಿಷದ ಸ್ವಂತ ಕಥೆ, ಸ್ವಂತ ದನಿ, ಕೆಲವೇ ಸ್ಥಿರ ಚಿತ್ರಗಳು, ಇದು ಅವರ ಪದ್ಧತಿ. ಅವರು ಪಟ್ಟಿ ಮಾಡಿದ ಏಳು ಅಂಶಗಳಲ್ಲಿ ಹೇಳುವುದರಲ್ಲಿ ಮಿತವ್ಯಯ ಮತ್ತು ಕಥೆಯ ಓಟದ ಗತಿ ಎಂಬ ಎರಡನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಬರಹ ಒಂದು ಪುಟ ದಾಟಿದರೆ ರೆಕಾರ್ಡಿಂಗಿಗೆ ಬಿಡುವುದಿಲ್ಲ.

ಒಬ್ಬ ಹುಡುಗ ತನ್ನ ತಂಗಿಯ ಶಾಲೆಯ ಮೊದಲ ದಿನವನ್ನು ಹೇಳಿದ. ಚೆನ್ನಾಗಿ ಹೇಳಿದ್ದ. ಆಮೇಲೆ ಅಲೆ ಚಪ್ಪಟೆಯಾಗಿದ್ದ ಕಡೆಯೆಲ್ಲ ಏನೋ ತಪ್ಪಾಗಿದೆ ಎಂದುಕೊಂಡು ಒಂದೊಂದನ್ನೂ ಕತ್ತರಿಸಿದ. ಕೇಳಿದರೆ ವಾರ್ತೆ ಓದಿದ ಹಾಗಿತ್ತು. "ತಂಗಿ ಗೇಟಿನ ಹತ್ರ ತಿರುಗಿ ನೋಡಿದಳು" ಎಂಬ ಸಾಲಿನ ಹಿಂದೆಯೇ "ನಾನು ಕೈ ಬೀಸಲಿಲ್ಲ" ಎಂಬುದು ಮುಗ್ಗರಿಸಿ ಬೀಳುತ್ತಿತ್ತು. ಆ ಎರಡರ ನಡುವೆ ಒಂದು ಉಸಿರಿನಷ್ಟು ಬಿಡುವು ವಾಪಸ್ ಇಡೋಣ ಎಂದೆ. ಇಟ್ಟ. ಆದರೆ ಮೆನುವಿನಿಂದ ಹಾಕಿದ ಮೌನ ತೀರಾ ಸತ್ತಂತಿರುತ್ತದೆ, ದನಿ ಒಮ್ಮೆಲೇ ಕಡಿದುಹೋದ ಹಾಗೆ ಕೇಳಿಸುತ್ತದೆ. ಅದಕ್ಕೇ ಪ್ರತಿ ರೆಕಾರ್ಡಿಂಗಿನ ಮೊದಲು ಯಾರೂ ಮಾತಾಡದೆ ಕೋಣೆಯ ಸದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತೇವೆ. ಬಿಡುವು ಬೇಕಾದಲ್ಲಿ ಆ ತುಣುಕನ್ನೇ ಅಂಟಿಸುತ್ತೇವೆ. ಅದೇ ತುಣುಕು ಇನ್ನೊಂದು ಕೆಲಸಕ್ಕೂ ಬರುತ್ತದೆ. ಅದನ್ನು ಆಯ್ದು ನಾಯ್ಸ್ ರಿಡಕ್ಷನ್‌ನಲ್ಲಿ ಮಾದರಿಯಾಗಿ ಕೊಟ್ಟು, ಆಮೇಲೆ ಇಡೀ ರೆಕಾರ್ಡಿಂಗಿಗೆ ಅನ್ವಯಿಸಿದರೆ ಫ್ಯಾನಿನ ಗುಂಯ್ ಎನ್ನುವ ಸದ್ದು ಇಳಿಯುತ್ತದೆ. ಜಾಸ್ತಿ ಮಾಡಬೇಡಿ, ದನಿ ನೀರೊಳಗಿಂದ ಬಂದ ಹಾಗಾಗುತ್ತದೆ.

ರೆಕಾರ್ಡಿಂಗಿಗೆ ಲೈಬ್ರರಿಗಿಂತ ಒಳ್ಳೆಯ ಜಾಗ ಶಾಲೆಯಲ್ಲಿ ಇನ್ನೊಂದಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತೇನೆ. ಎರಡು ಕಪಾಟುಗಳ ನಡುವಿನ ಓಣಿಯಲ್ಲಿ, ಎರಡೂ ಕಡೆ ತುಂಬಿ ನಿಂತ ಪುಸ್ತಕಗಳು ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವೆ. ಕ್ಲಾಸ್‌ರೂಮಿನ ಬರಿಗೋಡೆಯ ನಡುವೆ ಅದೇ ಮೈಕು, ಅದೇ ಮಗು, ಎಲ್ಲೋ ಬಾವಿಯೊಳಗೆ ನಿಂತು ಮಾತಾಡಿದಂತೆ ಕೇಳುತ್ತದೆ.

ಆಡಾಸಿಟಿಯ ಪ್ರಾಜೆಕ್ಟ್ ಫೈಲ್ ಬೇರೆ, ಕೇಳುವ ಫೈಲ್ ಬೇರೆ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. 2021ರ ಮೂರನೇ ಆವೃತ್ತಿಗೆ ಮುಂಚೆ ಪ್ರಾಜೆಕ್ಟ್ ಎಂದರೆ ಒಂದು ಚಿಕ್ಕ ಫೈಲ್, ಜೊತೆಗೆ ದನಿ ತುಂಬಿದ ಒಂದು ಫೋಲ್ಡರ್. ಫೈಲ್ ಮಾತ್ರ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ದನಿ ಬರುತ್ತಿರಲಿಲ್ಲ. ಈಗ ಎಲ್ಲ ಒಂದೇ ಫೈಲಿನಲ್ಲಿದೆ. ಕಪಾಟಿಗೆ ಇಡಲು ನಾನು ವೇವ್ ಪ್ರತಿ, ಅಂದರೆ ದನಿಯನ್ನು ಕುಗ್ಗಿಸದ ಫೈಲ್, ತೆಗೆಯುತ್ತೇನೆ. ಒಂದೇ ಚಾನೆಲ್ಲಿನಲ್ಲಿ ನಿಮಿಷಕ್ಕೆ ಸುಮಾರು 5 ಎಂಬಿ ಆಗುತ್ತದೆ, ಮೂರು ನಿಮಿಷದ ಕಥೆಗೆ ಅದೇನೂ ಭಾರವಲ್ಲ. ಮನೆಗೆ ಕಳಿಸಲು ಎಂಪಿ3 ಸಾಕು.

ಸ್ಕ್ರ್ಯಾಚ್ ಬಗ್ಗೆ ಗೊತ್ತಿಲ್ಲದವರು ಕಡಿಮೆ. ಆಜ್ಞೆಗಳ ಬ್ಲಾಕುಗಳನ್ನು ಒಂದಕ್ಕೊಂದು ಜೋಡಿಸಿ ತೆರೆಯ ಮೇಲಿನ ಪಾತ್ರಗಳನ್ನು ಆಡಿಸುವ ಇದು, ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿ 2007ರಲ್ಲಿ ಎಲ್ಲರಿಗೂ ತೆರೆದಿಟ್ಟದ್ದು. ಎಲ್ಲರೂ ಇದನ್ನು ಕೋಡಿಂಗ್ ಕಲಿಸಲು ಬಳಸುತ್ತಾರೆ, ನನಗೆ ಇದು ಸಂಭಾಷಣೆ ಕಲಿಸುವ ಟೂಲ್. ಎರಡು ಪಾತ್ರ ಮಾತಾಡಬೇಕು. ಮಕ್ಕಳು ಮೊದಲು ಮಾಡುವುದು ಹೀಗೆ: ಒಬ್ಬ ಎರಡು ಸೆಕೆಂಡು ಮಾತಾಡಲಿ, ಇನ್ನೊಬ್ಬ ಎರಡು ಸೆಕೆಂಡು ಕಾಯಲಿ. ಮೊದಲ ಮಾತನ್ನು ಸ್ವಲ್ಪ ಉದ್ದ ಮಾಡಿದರೆ ಮುಂದಿನದೆಲ್ಲ ಒಂದರ ಮೇಲೊಂದು ಬೀಳುತ್ತದೆ. ಆಗ ಬ್ರಾಡ್‌ಕಾಸ್ಟ್ ಬ್ಲಾಕ್ ತೋರಿಸಬೇಕು. ನನ್ನ ಮಾತು ಮುಗಿಯಿತು ಎಂದು ಒಂದು ಪಾತ್ರ ಸಂದೇಶ ಕಳಿಸುತ್ತದೆ, ಅದು ಕೇಳಿದ ಮೇಲೆಯೇ ಇನ್ನೊಂದು ಬಾಯಿ ತೆರೆಯುತ್ತದೆ. ಒಬ್ಬರ ಮಾತು ಇನ್ನೊಬ್ಬರ ಮಾತನ್ನು ಎಬ್ಬಿಸಬೇಕು ಎಂಬ ನಾಟಕದ ಪಾಠವೇ ಅಲ್ಲಿದೆ. ಕನ್ನಡದ ಸಾಲುಗಳಿಗೆ ಎರಡು ಸೆಕೆಂಡು ಸಾಲದು, ನಾಲ್ಕೈದಾದರೂ ಇಡಿ. ಇಂಟರ್ನೆಟ್ ಇಲ್ಲದೆ ನಡೆಯುವ ಆವೃತ್ತಿ ಇದೆ, ಅದಕ್ಕೆ ಖಾತೆಯೂ ಬೇಡ. ಕಥೆ ಉಳಿಯುವ ಎಸ್‌ಬಿ3 ಎಂಬ ಫೈಲ್ ತೆರೆಯಲು ಸ್ಕ್ರ್ಯಾಚ್ ಬೇಕೇ ಬೇಕಾದರೂ ಅದು ಬೀಗ ಹಾಕಿದ ಪೆಟ್ಟಿಗೆಯಲ್ಲ. ಜಿಪ್ ಎಂದು ಹೆಸರು ಬದಲಿಸಿ ಬಿಚ್ಚಿದರೆ ಮಕ್ಕಳ ಚಿತ್ರ, ದನಿ ಎಲ್ಲ ಬೇರೆ ಬೇರೆ ಫೈಲುಗಳಾಗಿ ಸಿಗುತ್ತವೆ. ಎರಡನೇ ಆವೃತ್ತಿ ಫ್ಲ್ಯಾಶ್ ಮೇಲೆ ನಿಂತಿತ್ತು, ಆದರೆ 2019ರಲ್ಲಿ ಬಂದ ಮೂರನೆಯದು ಹಳೆಯ ಫೈಲುಗಳನ್ನೂ ತೆರೆಯುತ್ತದೆ. ಹಳೆಯದನ್ನು ಕೈಬಿಡದವರ ಮೇಲೆ ನನಗೆ ಗೌರವ.

ಇನ್ನೂ ಅಕ್ಷರ ಕೂಡಿಸುತ್ತಿರುವ ಐದರಿಂದ ಏಳು ವರ್ಷದವರಿಗೆ ಸ್ಕ್ರ್ಯಾಚ್ ಜೂನಿಯರ್ ಇದೆ. ಬ್ಲಾಕುಗಳ ಮೇಲೆ ಬರಹವೇ ಇಲ್ಲ, ಬರೀ ಗುರುತುಗಳು. ಒಂದು ಕಥೆಗೆ ನಾಲ್ಕೇ ಪುಟ. ಈ ಮಿತಿ ವರ ಎಂದೇ ನಾನು ಹೇಳುತ್ತೇನೆ, ನಾಲ್ಕನೇ ಪುಟದಲ್ಲಿ ಕಥೆ ಮುಗಿಯಲೇಬೇಕು.

ಬುಕ್ ಕ್ರಿಯೇಟರ್‌ನಲ್ಲಿ ಪುಟ ಕಟ್ಟಿ, ಚಿತ್ರ ಹಾಕಿ, ದನಿ ಸೇರಿಸಿ ಇಪಬ್ (ಇ-ಪುಸ್ತಕದ ಫೈಲ್) ಅಥವಾ ಪಿಡಿಎಫ್ ಆಗಿ ಹೊರತೆಗೆಯಬಹುದು. ಶಿಕ್ಷಕರು ಕೊಟ್ಟ ಸಂಕೇತದಿಂದ ಮಕ್ಕಳು ಒಳಬರುತ್ತಾರೆ. ಉಚಿತವಾಗಿ ಮಾಡಬಹುದಾದ ಪುಸ್ತಕಗಳಿಗೆ ಮಿತಿಯಿದೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಇನ್ನೊಂದು ಬಗೆಯದು. ಅಲ್ಲಿ ಕನ್ನಡವೂ ಸೇರಿ ನೂರಾರು ಭಾಷೆಗಳ ಮಕ್ಕಳ ಪುಸ್ತಕಗಳಿವೆ, ಓದುವ ಮಟ್ಟದ ಪ್ರಕಾರ ವಿಂಗಡಿಸಿದ್ದಾರೆ. ಅಲ್ಲಿನ ಕಲಾವಿದರ ಚಿತ್ರಗಳನ್ನು ತೆಗೆದುಕೊಂಡು ಹೊಸ ಕಥೆ ಕಟ್ಟಬಹುದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಹೆಸರು ಹೇಳಿ ಬಳಸಿದರೆ ಸಾಕು. ನನ್ನ ಮಟ್ಟಿಗೆ ಇದರ ದೊಡ್ಡ ಲಾಭವೇ ಆ "ಹೆಸರು ಹೇಳಿ". ಗೂಗಲ್‌ನಲ್ಲಿ ಸಿಕ್ಕಿದ ಚಿತ್ರವನ್ನೆಲ್ಲ ತಮ್ಮದೆಂದುಕೊಳ್ಳುವ ಮಕ್ಕಳು, ಚಿತ್ರ ಬರೆದವರ ಹೆಸರನ್ನು ಕೊನೆಯ ಪುಟದಲ್ಲಿ ಬರೆಯುವುದನ್ನು ಇಲ್ಲಿ ರೂಢಿ ಮಾಡಿಕೊಳ್ಳುತ್ತಾರೆ. ಚಿತ್ರ, ಸ್ಟಿಕ್ಕರ್, ಬಣ್ಣ ಇರುವ ಟೂಲ್ ಯಾವುದೇ ಆಗಲಿ, ಬರಹ ಕಾಗದದ ಮೇಲೆ ಮುಗಿಯುವವರೆಗೆ ಕಂಪ್ಯೂಟರ್ ಆನ್ ಮಾಡಬೇಡಿ. ಆರು ಚೌಕದ ಸ್ಟೋರಿಬೋರ್ಡ್, ಪ್ರತಿ ಚೌಕದ ಕೆಳಗೆ ಒಂದು ವಾಕ್ಯ. ಅದಿಲ್ಲದಿದ್ದರೆ ಇಡೀ ಪೀರಿಯಡ್ ಮುಖಪುಟದ ಬಣ್ಣದಲ್ಲೇ ಕಳೆದುಹೋಗುತ್ತದೆ.

ಒಂದು ಸಾಲು ಕೊಟ್ಟರೆ ಪೂರ್ತಿ ಕಥೆಯನ್ನೇ ಬರೆದು ಚಿತ್ರವನ್ನೂ ಹಾಕಿಕೊಡುವ ಎಐ ಟೂಲ್‌ಗಳನ್ನು ಏಕೆ ಸೇರಿಸಿಲ್ಲ ಎಂದು ಸಹೋದ್ಯೋಗಿಗಳು ಕೇಳಿದರು. ವಾಚ್‌ಮನ್ ಬಗ್ಗೆ ಆ ಹುಡುಗಿಗೆ ಬಂದ ಸಿಟ್ಟು ಅವುಗಳಲ್ಲಿ ಬರುವುದಿಲ್ಲ, ಅದಕ್ಕೆ.

ಕಪಾಟಿಗೆ ತರುವ ಬಗೆಯನ್ನೂ ಹೇಳುತ್ತೇನೆ, ಬೇರೆ ಲೈಬ್ರರಿಯನ್ನರಿಗೆ ಉಪಯೋಗ ಆದೀತು. ಮುಗಿದ ಪ್ರತಿ ಕಥೆಗೂ ಲೈಬ್ರರಿಗೆ ಬಂದದ್ದನ್ನೆಲ್ಲ ದಾಖಲಿಸುವ ಅಕ್ಸೆಷನ್ ರಿಜಿಸ್ಟರಿನಲ್ಲಿ ಒಂದು ನಂಬರ್, ಪುಸ್ತಕಕ್ಕೆ ಕೊಟ್ಟ ಹಾಗೆಯೇ. ಲೇಖಕರ ಕಾಲಮ್ಮಿನಲ್ಲಿ ಮಗುವಿನ ಮೊದಲ ಹೆಸರು, ತರಗತಿ. ಮುಖದ ಫೋಟೊ, ಮನೆಯ ವಿಳಾಸ ಕಥೆಯೊಳಗೆ ಎಲ್ಲೂ ಇಲ್ಲ ಎಂದು ನೋಡಿಕೊಳ್ಳುತ್ತೇನೆ. ದನಿ ಇದ್ದರೆ ಪೋಷಕರ ಸಹಿ ಬೇಕು. ಫೈಲಿನ ಎರಡು ಪ್ರತಿ, ಬೇರೆ ಬೇರೆ ಡಿಸ್ಕಿನಲ್ಲಿ. ಶೀರ್ಷಿಕೆ, ಒಂದು ಸಾಲಿನ ಸಾರಾಂಶ, ಯಾವ ಟೂಲಿನಲ್ಲಿ ಮಾಡಿದ್ದು, ತೆರೆಯಲು ಏನು ಬೇಕು, ಇಷ್ಟು ಕ್ಯಾಟಲಾಗ್ ಕಾರ್ಡಿನಲ್ಲಿ. ಕಾರ್ಡಿನ ಮುದ್ರಿತ ಪ್ರತಿಯನ್ನು ಕಥೆಪುಸ್ತಕಗಳ ಸಾಲಿನಲ್ಲೇ, ಅದೇ ವಿಷಯದ ಪಕ್ಕದಲ್ಲಿ ಇಡುತ್ತೇನೆ.

ಟ್ವೈನ್‌ನಿಂದ ಹೊರಬಂದ ಎಚ್‌ಟಿಎಂಎಲ್ ಫೈಲನ್ನು ಮತ್ತೆ ಟ್ವೈನ್‌ಗೆ ಇಂಪೋರ್ಟ್ ಮಾಡಿಕೊಳ್ಳಬಹುದು. ಈಗ ಐದನೇ ತರಗತಿಯ ಇಬ್ಬರು ಆ ಶಾಲೆಯ ರಾತ್ರಿಯ ಕಥೆಯನ್ನು ಹಾಗೆ ತೆಗೆದುಕೊಂಡು, ಮೆಟ್ಟಿಲ ಕೆಳಗಿನಿಂದ ಇನ್ನೊಂದು ದಾರಿ ಬರೆಯುತ್ತಿದ್ದಾರೆ. ಮೊದಲು ಬರೆದವಳ ಒಪ್ಪಿಗೆ ಕೇಳಿ ಬನ್ನಿ ಎಂದು ಕಳಿಸಿದ್ದೆ, ಕೊಟ್ಟಿದ್ದಾಳೆ, ವಾಚ್‌ಮನ್ನನ್ನು ಮಾತ್ರ ವಾಪಸ್ ತರಬಾರದು ಎಂಬ ಷರತ್ತಿನೊಂದಿಗೆ. ಅವಳ ಕಥೆ ಅವಳ ನಂಬರಿನಲ್ಲೇ ಇರುತ್ತದೆ. ಇವರದ್ದಕ್ಕೆ ಹೊಸ ನಂಬರ್, ಲೇಖಕರ ಕಾಲಮ್ಮಿನಲ್ಲಿ ಮೂರು ಹೆಸರು.